ಎಳೆದು ಒಮ್ಮೆ, ತಿರುಚಿ ಒಮ್ಮೆ ನೋಡಿದರೆ ಸಾಲದೇ?

ಪ್ರಶ್ನೆ: ಲೋಹವನ್ನು ಎಳೆದು ನೋಡುವ ಪರೀಕ್ಷೆ ಇದೆ, ತಿರುಚಿ ನೋಡುವ ಪರೀಕ್ಷೆಯೂ ಇದೆ. ಎರಡನ್ನೂ ಒಟ್ಟಿಗೆ, ಅದೂ ಭಾರೀ ವೇಗದಲ್ಲಿ ಮಾಡುವ ಕಷ್ಟ ಯಾಕೆ?

ಉತ್ತರ: ಒಂದು ಸೀಮೆಸುಣ್ಣದ ಕಡ್ಡಿಯನ್ನು ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಮುರಿದ ಜಾಗ ಸ್ಪ್ರಿಂಗಿನ ಸುತ್ತಿನ ಹಾಗೆ ಓರೆಯಾಗಿರುತ್ತದೆ. ನೇರವಾಗಿ ಎಳೆದು ಮುರಿದರೆ ಚಪ್ಪಟೆ ತುಂಡು. ವಸ್ತು ಒಂದೇ, ಬಲ ಬಂದ ರೀತಿ ಬೇರೆ.

ಈಗ ಲೋಹಕ್ಕೆ ಬನ್ನಿ. ಬರೀ ಎಳೆದಾಗ 300 ಮೆಗಾಪ್ಯಾಸ್ಕಲ್‌ಗೆ ಮಣಿಯುವ, ಅಂದರೆ ಮತ್ತೆ ಮೊದಲಿನ ಆಕಾರಕ್ಕೆ ಬಾರದ ಲೋಹ ಅಂದುಕೊಳ್ಳಿ (ಮೆಗಾಪ್ಯಾಸ್ಕಲ್ ಅಂದರೆ ಇಷ್ಟು ಜಾಗದ ಮೇಲೆ ಇಷ್ಟು ಬಲ ಅನ್ನುವ ಅಳತೆ). ಎಳೆತ, ತಿರುಚು ಎರಡನ್ನೂ ಸೇರಿಸಿ ಒಂದೇ ಸಂಖ್ಯೆಗೆ ಇಳಿಸುವ ಫಾನ್ ಮೀಸೆಸ್ ಸೂತ್ರದ ಪ್ರಕಾರ ಬರೀ ತಿರುಚಿದರೆ ಅದು ಸುಮಾರು 173ಕ್ಕೇ ಮಣಿಯುತ್ತದೆ. 200ರಷ್ಟು ಎಳೆದರೆ ಏನೂ ಆಗದು. 150ರಷ್ಟು ತಿರುಚಿದರೂ ಆಗದು. ಎರಡನ್ನೂ ಒಟ್ಟಿಗೆ ಹಾಕಿದರೆ? ಸೂತ್ರ ಸುಮಾರು 328 ಅನ್ನುತ್ತದೆ. 300 ದಾಟಿತು, ಲೋಹ ಮಣಿದೇಬಿಟ್ಟಿತು! ಅದೂ ಈ ಸೂತ್ರ ಒಂದು ಅಂದಾಜು ಅಷ್ಟೇ. ವೇಗ ಹೆಚ್ಚಿದಾಗ ಬಹುತೇಕ ಲೋಹಗಳು ಜಾಸ್ತಿ ಗಟ್ಟಿಯಾಗಿ ವರ್ತಿಸುತ್ತವೆ, ಒಳಗೆ ಹುಟ್ಟಿದ ಬಿಸಿಗೆ ಹೊರಬೀಳಲು ಸಮಯವೂ ಸಿಗುವುದಿಲ್ಲ. ಹಕ್ಕಿ ಬಡಿದ ವಿಮಾನದ ಎಂಜಿನ್ ಬ್ಲೇಡು ಒಂದೇ ದಿಕ್ಕಿನ ಬಲ ಕಾಣುವುದಿಲ್ಲ, ಅಲ್ವಾ? ಹಾಗಾಗಿ ಅಳೆದೇ ನೋಡಬೇಕು.

ಇಂಥ ವೇಗದಲ್ಲಿ ಅಳೆಯುವ ಸಾಧನ ಹಳೆಯದು. 1914ರಲ್ಲಿ ಬರ್ಟ್ರಾಮ್ ಹಾಪ್ಕಿನ್ಸನ್ ಉದ್ದನೆಯ ಉಕ್ಕಿನ ಸರಳಿನಲ್ಲಿ ಓಡುವ ಅಲೆಯಿಂದ ಹೊಡೆತದ ಒತ್ತಡ ಅಳೆದರು. 1949ರಲ್ಲಿ ಕೋಲ್ಸ್ಕಿ ಎರಡು ಸರಳುಗಳ ನಡುವೆ ಪರೀಕ್ಷೆಯ ತುಣುಕನ್ನು ಇಟ್ಟರು. ಸರಳಿಗೆ ಅಂಟಿಸಿದ ಸ್ಟ್ರೇನ್ ಗೇಜು (ಸರಳು ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ಪುಟ್ಟ ಪಟ್ಟಿ) ಅಲೆ ಹಾದು ಹೋಗುವುದನ್ನು ಹಿಡಿಯುತ್ತದೆ.

ನಿಜವಾದ ತಲೆನೋವು ಬೇರೆಯೇ ಇದೆ. ಉಕ್ಕಿನ ಸರಳಿನಲ್ಲಿ ಎಳೆತದ ಅಲೆ ಸೆಕೆಂಡಿಗೆ ಸುಮಾರು 5 ಕಿ.ಮೀ. ಓಡುತ್ತದೆ, ತಿರುಚಿನ ಅಲೆ ಸುಮಾರು 3.2 ಕಿ.ಮೀ. ಮಾತ್ರ. ಅಲೆ ಹೊರಡುವ ಜಾಗದಿಂದ ತುಣುಕು 2 ಮೀಟರ್ ದೂರ ಇದ್ದರೆ ಮೊದಲನೆಯದು 400 ಮೈಕ್ರೋಸೆಕೆಂಡಿನಲ್ಲಿ ತಲುಪುತ್ತದೆ, ಎರಡನೆಯದು 625ರಲ್ಲಿ. ಇಂಥ ಪರೀಕ್ಷೆ ಎಷ್ಟೋ ಸಲ ಮುಗಿಯುವುದೇ ಇನ್ನೂರು ಚಿಲ್ಲರೆ ಮೈಕ್ರೋಸೆಕೆಂಡಿನಲ್ಲಿ. ತಿರುಚು ಬರುವಷ್ಟರಲ್ಲಿ ಎಳೆತದ ಕೆಲಸ ಮುಗಿದಿರುತ್ತದೆ. ‘ಒಟ್ಟಿಗೆ’ ಅನ್ನುವುದಕ್ಕೆ ಅರ್ಥವೇ ಉಳಿಯಲಿಲ್ಲ.

ತಿರುಚಿನ ಅಲೆಯನ್ನು ಮೊದಲೇ ಹೊರಡಿಸುವುದು ಒಂದು ದಾರಿ. ಸರಳಿನ ಎಳೆತ, ತಿರುಚು ಎರಡನ್ನೂ ಒಂದೇ ಕ್ಲ್ಯಾಂಪಿನಲ್ಲಿ ಹಿಡಿದಿಟ್ಟು ಒಮ್ಮೆಗೇ ಬಿಡುವ ಹಾಗೆ ಮಾಡಿ, ಕ್ಲ್ಯಾಂಪನ್ನು ತುಣುಕಿನ ಹತ್ತಿರಕ್ಕೆ ತರುವುದು ಇನ್ನೊಂದು. ಅರ್ಧ ಮೀಟರ್‌ಗೆ ಇಳಿಸಿದರೆ ಅಂತರ ಸುಮಾರು 56 ಮೈಕ್ರೋಸೆಕೆಂಡಿಗೆ ಬರುತ್ತದೆ. ನನಗೆ ಎರಡನೆಯದೇ ಇಷ್ಟ, ಅದು ಸರಳ. ಕ್ಲ್ಯಾಂಪು ಬಿಗಿದ ಪಿನ್ನಿಗೆ ಮೊದಲೇ ಕಚ್ಚು ಹಾಕಿರುತ್ತಾರೆ. ಬಿಗಿ ಏರಿಸುತ್ತ ಹೋದಂತೆ ಅದು ಪಟ್ ಅಂತ ಮುರಿದು ಕ್ಲ್ಯಾಂಪು ಬಿಡಬೇಕು. ಕ್ಲ್ಯಾಂಪು ನಿಧಾನವಾಗಿ ಜಾರಿದರೆ ಅಲೆಯೂ ನಿಧಾನವಾಗಿ ಏರುತ್ತದೆ. ಆಗ ಹೊಸ ಪಿನ್ನು ಹಾಕಿ ಮತ್ತೆ ಶುರು.