ಯಾರು ಅನಿವಾಸಿ?

ಬಸವನಗುಡಿಯ ಗೆಳೆಯನೊಬ್ಬ ಒಂದು ವರ್ಷ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿದ್ದು ಅಲ್ಲಿಂದಲೇ ಕೆಲಸ ಮಾಡುತ್ತೇನೆ ಅಂತ ಹೊರಟಿದ್ದಾನೆ. ವೀಸಾ, ಪ್ಲಗ್ ಅಡಾಪ್ಟರ್, ಅಮ್ಮನ ಚಟ್ನಿಪುಡಿ ಎಲ್ಲ ಸಿದ್ಧ. ವಿಳಾಸ ಬದಲಿಸಲು ಬ್ಯಾಂಕಿಗೆ ಹೋದಾಗ ಕೌಂಟರಿನವರು ಕೇಳಿದರಂತೆ: "ನೀವು ಎನ್‌ಆರ್‌ಐ ಆಗ್ತೀರಾ ಸರ್?"

"ಇಲ್ಲ ಮೇಡಂ, ಕಂಪನಿ ಇಲ್ಲೇ ಇರೋದು. ಲ್ಯಾಪ್‌ಟಾಪ್ ಮಾತ್ರ ಅಲ್ಲಿರತ್ತೆ."

ಆಕೆಗೆ ನಗು ಬಂತು, ಇವನಿಗೆ ಅನುಮಾನ ಬಂತು.

ಎನ್‌ಆರ್‌ಐ ಎಂದರೆ ಅನಿವಾಸಿ ಭಾರತೀಯ. ನಮ್ಮ ಮಾತಿನಲ್ಲಿ ಅವರು ಅಮೆರಿಕದಲ್ಲಿ ಮನೆ ಮಾಡಿ, ಡಿಸೆಂಬರ್‌ನಲ್ಲಿ ಚಾಕೊಲೇಟ್ ಹೊತ್ತು ಬರುವ ಚಿಕ್ಕಪ್ಪ. ಕಾನೂನಿಗೆ ಆ ಚಿಕ್ಕಪ್ಪನ ಗುರುತಿಲ್ಲ. ಅಲ್ಲಿ ಪದ ಒಂದೇ, ಆದರೆ ತೆರಿಗೆಯವರು ಹೇಳುವ ಅರ್ಥ ಬೇರೆ, ಬ್ಯಾಂಕಿನವರು ಹೇಳುವ ಅರ್ಥ ಬೇರೆ.

ತೆರಿಗೆಯವರದು ದಿನದ ಲೆಕ್ಕ. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ಭಾರತದಲ್ಲಿದ್ದರೆ ಆ ವರ್ಷಕ್ಕೆ ನೀವು ನಿವಾಸಿ. ಇನ್ನೊಂದು ಗಾಳವೂ ಇದೆ: ಆ ವರ್ಷ 60 ದಿನ, ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿಯೇ. ಹುಟ್ಟಿದಾಗಿನಿಂದ ಬೆಂಗಳೂರು ಬಿಡದವರು ಈ ಗಾಳ ತಪ್ಪಿಸಿಕೊಳ್ಳುವುದು ಕಷ್ಟ. ಅದಕ್ಕೇ ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆಗೆ, ಹೊರಡುವ ವರ್ಷದ ಮಟ್ಟಿಗೆ, 60ರ ಬದಲು 182 ಎಂಬ ರಿಯಾಯಿತಿ. 1961ರ ಆದಾಯ ತೆರಿಗೆ ಕಾಯ್ದೆಯ ಈ ಲೆಕ್ಕ, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ 2025ರ ಕಾಯ್ದೆಯಲ್ಲೂ ಉಳಿದಿದೆ.

ಹೊರಟ ದಿನವನ್ನೂ ಸೇರಿಸಿ ಎಣಿಸಿ: ಸೆಪ್ಟೆಂಬರ್ 28ಕ್ಕೆ ಹೊರಟರೆ 181, 29ಕ್ಕೆ ಹೊರಟರೆ 182. ದೇವನಹಳ್ಳಿಯಿಂದ ಯುರೋಪಿಗೆ ಹೋಗುವ ವಿಮಾನಗಳೋ, ಎಷ್ಟೋ ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ಟಿಕೆಟ್ಟಿನ ತಾರೀಖು ಒಂದು, ಪಾಸ್‌ಪೋರ್ಟಿನ ಮೊಹರಿನ ತಾರೀಖು ಇನ್ನೊಂದು ಆಗಬಹುದು.

ನನ್ನ ಗೆಳೆಯನ ತೊಡಕು 'ಉದ್ಯೋಗಕ್ಕಾಗಿ' ಎಂಬ ಪದದಲ್ಲಿದೆ. ಅವನಿಗೆ ವಿದೇಶದಲ್ಲಿ ಹೊಸ ಕೆಲಸವೇನೂ ಸಿಕ್ಕಿಲ್ಲ. ಹಳೆಯ ಕೆಲಸವನ್ನೇ ಹೊತ್ತು ಹೋಗುತ್ತಿದ್ದಾನೆ. ಇಂಥವರಿಗೆ ರಿಯಾಯಿತಿ ಸಿಗುತ್ತದೆ ಎಂದು ಕಣ್ಣುಮುಚ್ಚಿ ನಂಬಲು ನಾನಂತೂ ಸಿದ್ಧನಿಲ್ಲ. ಸಿಕ್ಕಿ ಅನಿವಾಸಿಯಾದರೂ, ಸಂಬಳ ಮೊದಲು ಬಂದು ಬೀಳುವುದು ಬೆಂಗಳೂರಿನ ಖಾತೆಗೇ ಆದರೆ, ಕಾನೂನಿನ ಅಕ್ಷರದ ಪ್ರಕಾರ ಅದು ಭಾರತದಲ್ಲಿ ಪಡೆದ ಆದಾಯ; ಇಲ್ಲೇ ತೆರಿಗೆ. ಅತ್ತ ಪೋರ್ಚುಗಲ್‌ನದು ತನ್ನದೇ ಎಣಿಕೆ: 12 ತಿಂಗಳಲ್ಲಿ 183 ದಿನ ದಾಟಿದರೆ ನೀನು ನಮ್ಮವನು ಅನ್ನುತ್ತದೆ.

ಎಲ್ಲೂ ನಿಲ್ಲದೆ ದೇಶ ಸುತ್ತುತ್ತ ಯಾರಿಗೂ ತೆರಿಗೆ ಕಟ್ಟದಿರುವ ಜಾಣರೂ ಇದ್ದಾರೆ. 2020ರಲ್ಲಿ ಅವರಿಗೂ ಬಾಗಿಲು ಹಾಕಿದರು. ವಿದೇಶಿ ಮೂಲದ್ದನ್ನು ಬಿಟ್ಟು ಉಳಿದ ಆದಾಯ 15 ಲಕ್ಷ ದಾಟಿದ್ದು, ಬೇರಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ನಿವಾಸಿ ಎಂದೇ ಭಾವಿಸಲಾಗುತ್ತದೆ. ಒಂದು ದಿನವೂ ಇಲ್ಲಿರದಿದ್ದರೂ ಸರಿ.

ಬ್ಯಾಂಕಿನವರು ನೋಡುವುದು 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯನ್ನು. ಅದಕ್ಕೆ ದಿನಕ್ಕಿಂತ ಉದ್ದೇಶ ಮುಖ್ಯ. ಉದ್ಯೋಗಕ್ಕೋ ವ್ಯಾಪಾರಕ್ಕೋ, ಅಥವಾ ಯಾವಾಗ ಬರುತ್ತೇನೋ ಗೊತ್ತಿಲ್ಲ ಎಂಬ ಸ್ಥಿತಿಯಲ್ಲೋ ಹೊರಟರೆ, 182 ದಿನ ಕಾಯಬೇಕಿಲ್ಲ, ಹೊರಟಾಗಲೇ ಅನಿವಾಸಿ. ಆಗ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಯಾಗಿ ಬದಲಿಸಬೇಕು. ಅಂದರೆ ಒಂದೇ ವರ್ಷದಲ್ಲಿ ಒಬ್ಬನೇ ಮನುಷ್ಯ ತೆರಿಗೆಗೆ ನಿವಾಸಿ, ಬ್ಯಾಂಕಿಗೆ ಅನಿವಾಸಿ ಆಗಬಹುದು. ಎರಡೂ ಸರಿಯೇ.

ಬ್ಯಾಂಕಿನವರ ಈ ಅರ್ಥದ ಬಿಸಿ ತಟ್ಟುವುದು ಸಕಲೇಶಪುರದ ಕಡೆ ಎರಡು ಎಕರೆ ಕಾಫಿ ತೋಟದ ಕನಸು ಕಾಣುವವರಿಗೆ. ಅನಿವಾಸಿಗಳು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪನಿಂದ ಬಂದ ಜಮೀನು ಇಟ್ಟುಕೊಳ್ಳಬಹುದು. ಸೈಟು, ಫ್ಲ್ಯಾಟ್ ಕೊಳ್ಳಲೂ ತಕರಾರಿಲ್ಲ.

ಗೆಳೆಯನ ಆಡಿಟರ್ ಈಗ ಕೇಳುತ್ತಿರುವುದು ಒಂದೇ: ಕಂಪನಿ ಕೊಟ್ಟ ಪತ್ರದಲ್ಲಿ 'ಅಲ್ಲಿಂದ ಕೆಲಸ ಮಾಡಲು ಅನುಮತಿ' ಎಂದಿದೆಯೋ, 'ಅಲ್ಲಿಗೆ ನಿಯೋಜನೆ' ಎಂದಿದೆಯೋ? ಅವನ ಅಮ್ಮ ಕೇಳುತ್ತಿರುವುದು ಬೇರೆ: "ದಸರಾ ಗೊಂಬೆ ಕೂರಿಸೋವರೆಗಾದ್ರೂ ಇರ್ತೀಯೇನೋ?"