ಕಕ್ಷೆಯಲ್ಲಿ ಕಸ, ಕಡತದಲ್ಲಿ ಕಾನೂನು

2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲ ದಂಡೆಗೆ ಸಿಲಿಂಡರ್ ಆಕಾರದ ದೊಡ್ಡ ವಸ್ತುವೊಂದು ಬಂದು ಬಿದ್ದಿತು. ಅದು ಬಹುಮಟ್ಟಿಗೆ ಭಾರತದ ಪಿಎಸ್‌ಎಲ್‌ವಿ ರಾಕೆಟ್‌ನ ಮೂರನೇ ಹಂತದ ಅವಶೇಷ ಎಂದು ಆ ದೇಶದ ಬಾಹ್ಯಾಕಾಶ ಸಂಸ್ಥೆ ತಿಂಗಳ ಕೊನೆಯಲ್ಲಿ ತಿಳಿಸಿತು. ಯಾರಿಗೂ ಪೆಟ್ಟಾಗಿರಲಿಲ್ಲವಾದ್ದರಿಂದ ಪರಿಹಾರದ ಪ್ರಶ್ನೆ ಏಳಲಿಲ್ಲ. ಪೆಟ್ಟಾಗಿದ್ದರೆ ಹಣ ಕೊಡಬೇಕಾದದ್ದು ಭಾರತ ಸರ್ಕಾರ. ರಾಕೆಟ್ ಖಾಸಗಿ ಕಂಪನಿಯದಾಗಿದ್ದರೂ ಅಂತರರಾಷ್ಟ್ರೀಯ ಒಪ್ಪಂದ ಹೇಳುವುದು ಅದನ್ನೇ. ಹಾಗೆ ಕೊಟ್ಟ ಹಣವನ್ನು ಕಂಪನಿಯಿಂದ ಸರ್ಕಾರ ಎಷ್ಟರಮಟ್ಟಿಗೆ, ಯಾವ ಕ್ರಮದಲ್ಲಿ ವಸೂಲು ಮಾಡಬಹುದು ಎಂಬುದಕ್ಕೆ ಮಾತ್ರ ನಮ್ಮ ಸಂಸತ್ತು ಅಂಗೀಕರಿಸಿದ ಬಾಹ್ಯಾಕಾಶ ಕಾಯ್ದೆಯೊಂದು ಇನ್ನೂ ಇಲ್ಲ.

ಈ ಹೊಣೆಯ ಮೂಲ 1967ರ ಬಾಹ್ಯಾಕಾಶ ಒಪ್ಪಂದದಲ್ಲಿದೆ. ಸರ್ಕಾರೇತರ ಸಂಸ್ಥೆಗಳ ಬಾಹ್ಯಾಕಾಶ ಚಟುವಟಿಕೆಗೂ ಆಯಾ ದೇಶವೇ ಜವಾಬ್ದಾರ, ಅವುಗಳಿಗೆ ಅನುಮತಿ ನೀಡಿ ನಿರಂತರ ಮೇಲ್ವಿಚಾರಣೆ ಮಾಡುವುದು ಅದರ ಕರ್ತವ್ಯ ಎಂದು ಅದರ ಆರನೇ ವಿಧಿ ಹೇಳುತ್ತದೆ. 1972ರ ಹೊಣೆಗಾರಿಕೆ ಒಪ್ಪಂದ ಇನ್ನೊಂದು ಹೆಜ್ಜೆ ಮುಂದಿಟ್ಟು, ಭೂಮಿಯ ಮೇಲೆ ಅಥವಾ ಹಾರುತ್ತಿರುವ ವಿಮಾನಕ್ಕೆ ಹಾನಿಯಾದರೆ ಉಡಾವಣೆ ಮಾಡಿದ ದೇಶ ತಪ್ಪಿದ್ದರೂ ಇಲ್ಲದಿದ್ದರೂ ಪರಿಹಾರ ಕೊಡಬೇಕೆಂದೂ, ಕಕ್ಷೆಯಲ್ಲಿ ಡಿಕ್ಕಿಯಾದರೆ ತಪ್ಪು ಸಾಬೀತಾದಾಗ ಮಾತ್ರ ಕೊಡಬೇಕೆಂದೂ ವಿಂಗಡಿಸಿತು. ಸೋವಿಯತ್ ಒಕ್ಕೂಟದ ಅಣುಶಕ್ತಿ ಚಾಲಿತ ಕಾಸ್ಮೋಸ್ 954 ಉಪಗ್ರಹ 1978ರಲ್ಲಿ ಕೆನಡಾದ ನೆಲದ ಮೇಲೆ ಚೂರುಚೂರಾಗಿ ಬಿದ್ದ ಬಳಿಕ ಆ ದೇಶಕ್ಕೆ 30 ಲಕ್ಷ ಕೆನಡಿಯನ್ ಡಾಲರ್ ಸಂದಾಯವಾಯಿತು. ಆದರೆ 2009ರಲ್ಲಿ ಸೈಬೀರಿಯಾದ ಮೇಲೆ ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಇರಿಡಿಯಂ 33 ಮತ್ತು ನಿಷ್ಕ್ರಿಯವಾಗಿದ್ದ ರಷ್ಯಾದ ಕಾಸ್ಮೋಸ್ 2251 ಡಿಕ್ಕಿಯಾಗಿ ಸಾವಿರಾರು ಚೂರುಗಳು ಹರಡಿದಾಗ, ತಪ್ಪು ಯಾರದೆಂದು ಅಳೆಯುವ ಮಾನದಂಡವೇ ಇರಲಿಲ್ಲ.

ಭಾರತಕ್ಕೆ ಈ ಪಾಠ ಅದಕ್ಕೂ ಮೊದಲೇ, ಅದರದೇ ರಾಕೆಟ್‌ನಿಂದ ಸಿಕ್ಕಿತ್ತು. 2001ರ ಅಕ್ಟೋಬರ್ 22ರಂದು ಪಿಎಸ್‌ಎಲ್‌ವಿ-ಸಿ3 ನಮ್ಮ ಟಿಇಎಸ್ ಉಪಗ್ರಹವನ್ನೂ ಎರಡು ವಿದೇಶಿ ಪುಟ್ಟ ಉಪಗ್ರಹಗಳನ್ನೂ ಯಶಸ್ವಿಯಾಗಿ ಕಕ್ಷೆಗೆ ಸೇರಿಸಿತು. ಕೆಲಸ ಮುಗಿಸಿ ಅಲ್ಲೇ ಸುತ್ತುತ್ತಿದ್ದ ಅದರ ನಾಲ್ಕನೇ ಹಂತ ಡಿಸೆಂಬರ್ 19ರಂದು ಒಡೆದು, ನೆಲದಿಂದ ಗುರುತಿಸಬಹುದಾದ ಮುನ್ನೂರಕ್ಕೂ ಹೆಚ್ಚು ತುಣುಕುಗಳಾಯಿತು. ಕೆಲಸ ಮುಗಿದ ಹಂತಗಳ ಟ್ಯಾಂಕಿನಲ್ಲಿ ಉಳಿಯುವ ಇಂಧನ ಮತ್ತು ಅನಿಲದ ಒತ್ತಡ ಇಂಥ ಸ್ಫೋಟಗಳಿಗೆ ಸಾಮಾನ್ಯ ಕಾರಣ. ಮುಂದಿನ ಪಿಎಸ್‌ಎಲ್‌ವಿ ಉಡಾವಣೆಯಿಂದಲೇ ಇಸ್ರೊ ಆ ಉಳಿಕೆಯನ್ನು ಹೊರಹಾಕಿ ಕೊನೆಯ ಹಂತವನ್ನು ನಿರಪಾಯಗೊಳಿಸುವ ಪದ್ಧತಿಯನ್ನು ಜಾರಿಗೆ ತಂದಿತು. ಹಾಗೆ ಮಾಡಬೇಕೆಂದು ಯಾವ ಕಾಯ್ದೆಯೂ ಹೇಳಿರಲಿಲ್ಲ; ತನ್ನ ಯಂತ್ರವನ್ನು ತಾನೇ ಬಲ್ಲ ಸಂಸ್ಥೆಯೊಂದು ತಾನಾಗಿ ಕೈಗೊಂಡ ಶಿಸ್ತು ಅದಾಗಿತ್ತು.

ಆ ಶಿಸ್ತು ಮುಂದೆಯೂ ಫಲ ಕೊಟ್ಟಿದೆ. ನಿಯಂತ್ರಿತವಾಗಿ ಕೆಳಗಿಳಿಸುವ ಉದ್ದೇಶದಿಂದ ವಿನ್ಯಾಸಗೊಳಿಸದಿದ್ದ ಮೇಘಾ-ಟ್ರೋಪಿಕ್ಸ್ ಉಪಗ್ರಹವನ್ನು ಅದರಲ್ಲಿ ಉಳಿದಿದ್ದ ಇಂಧನವನ್ನೇ ಬಳಸಿ ಹಂತಹಂತವಾಗಿ ಇಳಿಸಿ, 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಜನರಹಿತ ಪ್ರದೇಶದ ಮೇಲೆ ಸುಟ್ಟುಹೋಗುವಂತೆ ಮಾಡಲಾಯಿತು. ಸುಮಾರು 867 ಕಿಲೋಮೀಟರ್ ಎತ್ತರದಲ್ಲಿದ್ದ ಅದನ್ನು ಹಾಗೆಯೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಸುತ್ತುತ್ತಿತ್ತು. ಕಕ್ಷೆಯಲ್ಲಿನ ಅಪಾಯಗಳನ್ನು ಗಮನಿಸುವ ಇಸ್ರೊ ಕೇಂದ್ರ 2022ರಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾಯಿತು. 2030ರ ವೇಳೆಗೆ ಸರ್ಕಾರಿ, ಖಾಸಗಿ ಎನ್ನದೆ ಭಾರತದ ಎಲ್ಲ ಉಡಾವಣೆಗಳನ್ನೂ ಕಸಮುಕ್ತಗೊಳಿಸುವ ಗುರಿಯನ್ನು 2024ರ ಏಪ್ರಿಲ್‌ನಲ್ಲಿ ಇಸ್ರೊ ಪ್ರಕಟಿಸಿದ್ದೂ ಬೆಂಗಳೂರಿನ ಸಭೆಯಲ್ಲೇ. ಇದೇ ಅವಧಿಯಲ್ಲಿ, 2019ರ ಮಾರ್ಚ್ 27ರ ಮಿಷನ್ ಶಕ್ತಿ ಪರೀಕ್ಷೆಯಲ್ಲಿ ನಮ್ಮದೇ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆದದ್ದೂ ಉಂಟು. 2007ರ ಚೀನಾದ ಪರೀಕ್ಷೆಗೆ ಹೋಲಿಸಿದರೆ ಬಹಳ ಕೆಳಗಿನ ಕಕ್ಷೆಯನ್ನು ಆರಿಸಿಕೊಂಡಿದ್ದರಿಂದ ಹೆಚ್ಚಿನ ಚೂರುಗಳು ಬೇಗ ಉರಿದುಹೋದವು. ಕೆಲವು ಮಾತ್ರ ಮೇಲಕ್ಕೆ ಚಿಮ್ಮಿ ಬಹುಕಾಲ ಉಳಿದವು. ಅಂಥ ಪರೀಕ್ಷೆ ನಡೆಸದಂತೆ ದೇಶಗಳನ್ನು ಕೋರುವ ನಿರ್ಣಯ 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ ಭಾರತ ಮತದಾನದಿಂದ ದೂರ ಉಳಿಯಿತು.

ಕಾಯ್ದೆಯ ಕಥೆ ಇಷ್ಟು ಚುರುಕಾಗಿ ಸಾಗಿಲ್ಲ. 2017ರ ನವೆಂಬರ್‌ನಲ್ಲಿ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಡಲಾಯಿತು. ಪರವಾನಗಿ ಪಡೆದವರು ಸರ್ಕಾರಕ್ಕೆ ಬರುವ ಪರಿಹಾರದ ಹೊರೆಯನ್ನು ತುಂಬಿಕೊಡಬೇಕು ಎಂದು ಅದು ಹೇಳಿತ್ತಾದರೂ, ಆ ಹೊರೆಗೆ ಗರಿಷ್ಠ ಮಿತಿಯನ್ನು ನಿಗದಿ ಮಾಡಿರಲಿಲ್ಲ. ಮಿತಿಯಿಲ್ಲದ ಹೊಣೆಗೆ ವಿಮೆ ಮಾಡಿಸುವುದು ಹೇಗೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ ಆಗಿತ್ತು. ಕರಡು ಮಸೂದೆಯಾಗಿ ಸಂಸತ್ತಿಗೆ ಬರಲಿಲ್ಲ. 2020ರ ಜೂನ್‌ನಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದು, ಅನುಮತಿ ನೀಡಲು ಇನ್-ಸ್ಪೇಸ್ ಸಂಸ್ಥೆಯನ್ನು ಸಂಪುಟದ ತೀರ್ಮಾನದ ಮೂಲಕ ಸ್ಥಾಪಿಸಲಾಯಿತು. 2023ರಲ್ಲಿ ಭಾರತೀಯ ಬಾಹ್ಯಾಕಾಶ ನೀತಿಯೂ, 2024ರ ಮೇನಲ್ಲಿ ಅನುಮತಿಯ ವಿವರವಾದ ಮಾರ್ಗಸೂಚಿಯೂ ಬಂದವು. ಹೈದರಾಬಾದ್‌ನ ಸ್ಕೈರೂಟ್‌ನ ವಿಕ್ರಮ್-ಎಸ್ 2022ರ ನವೆಂಬರ್‌ನಲ್ಲಿ, ಚೆನ್ನೈನ ಅಗ್ನಿಕುಲ್‌ನ ರಾಕೆಟ್ 2024ರ ಮೇನಲ್ಲಿ ಹಾರಿದವು. ಬೆಂಗಳೂರಿನ ಪಿಕ್ಸೆಲ್, ದಿಗಂತರ ಕಂಪನಿಗಳ ಉಪಗ್ರಹಗಳೂ ಕಕ್ಷೆ ಸೇರಿವೆ. ಉದ್ಯಮ ಬೆಳೆದ ವೇಗಕ್ಕೆ ಶಾಸನ ಹೆಜ್ಜೆ ಹಾಕಲಿಲ್ಲ.

ನೀತಿ, ಮಾರ್ಗಸೂಚಿಗಳು ಇರುವಾಗ ಕಾಯ್ದೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಮಾರ್ಗಸೂಚಿಯನ್ನು ಮೀರಿದವರ ಅನುಮತಿಯನ್ನು ರದ್ದು ಮಾಡಬಹುದು. ಆದರೆ ಉಪಗ್ರಹ ಆಗಲೇ ಕಕ್ಷೆಯಲ್ಲಿದ್ದು, ಅದನ್ನು ಇಳಿಸಲು ಹಣವಿಲ್ಲದೆ ಕಂಪನಿ ಮುಚ್ಚಿಹೋಗಿದ್ದರೆ ಆ ರದ್ದತಿಯಿಂದ ಏನೂ ಬದಲಾಗುವುದಿಲ್ಲ. ಅಪರಾಧ ಯಾವುದು, ದಂಡ ಎಷ್ಟು, ಸರ್ಕಾರ ವಸೂಲು ಮಾಡಬಹುದಾದ ಗರಿಷ್ಠ ಮೊತ್ತ ಎಷ್ಟು, ತೀರ್ಪಿನ ವಿರುದ್ಧ ಮೇಲ್ಮನವಿ ಎಲ್ಲಿ ಎಂಬುದನ್ನು ಶಾಸನವೇ ಹೇಳಬೇಕಾಗುತ್ತದೆ. ಫ್ರಾನ್ಸ್ 2008ರಲ್ಲೇ ಇಂಥ ಕಾಯ್ದೆ ಮಾಡಿತು. ಜಪಾನ್ 2016ರಲ್ಲಿ ಮಾಡಿತು. ಕೆಲಸ ಮುಗಿದ ಉಪಗ್ರಹವನ್ನು ಇಂತಿಷ್ಟು ವರ್ಷಗಳೊಳಗೆ ಇಳಿಸಬೇಕೆಂದು ಕಾಯ್ದೆಯಲ್ಲೇ ಬರೆದಿದ್ದರೆ, ನಾಳೆ ಡಿಕ್ಕಿಯಾದಾಗ ತಪ್ಪನ್ನು ಅಳೆಯಲು ಒಂದು ಅಳತೆಗೋಲಾದರೂ ಕೈಯಲ್ಲಿರುತ್ತದೆ. ಭಾರತ ಈವರೆಗೆ 430ಕ್ಕೂ ಹೆಚ್ಚು ವಿದೇಶಿ ಉಪಗ್ರಹಗಳನ್ನು ಹಾರಿಸಿದೆ; ಒಪ್ಪಂದದ ಪ್ರಕಾರ ಅವುಗಳ ವಿಷಯದಲ್ಲೂ ನಾವು ಉಡಾವಣಾ ದೇಶವೇ, ಮತ್ತು ಆ ಹೊಣೆಗೆ ಅವಧಿ ಮುಗಿಯುವ ದಿನಾಂಕವನ್ನು ಒಪ್ಪಂದದಲ್ಲಿ ಎಲ್ಲಿಯೂ ನಮೂದಿಸಿಲ್ಲ.