ಕ್ಯಾನ್ಸರ್ ಪೇಶಂಟ್‌ನ ಗಂಡಗೋ ಹೆಂಡತಿಗೋ ನಾವ್ ಏನ್ ಕಲಿಸ್ಬೇಕು: ನನ್ ನೋಟ್ಸ್

ನರ್ಸಿಂಗ್ ಓದೋ ನಮ್ ಹುಡುಗ್ರು ಹುಡ್ಗ್ಯಾರ ಸಲುವಾಗಿ ಇದನ್ನ ಬರೀಲಿಕ್ಕತ್ತೀನಿ. ಪುಸ್ತಕದಾಗ ಇದು "ಫ್ಯಾಮಿಲಿ ಎಜುಕೇಶನ್" ಅಂತ ಪಾಠದ ಕೊನೀಗೆ ನಾಕ ಸಾಲ ಇರ್ತೈತಿ, ಪರೀಕ್ಷೆಗೆ ಅಷ್ಟ ಸಾಕು, ಆದ್ರ ಮನಿಗೆ ಹೋದ್ಮ್ಯಾಲ ಪೇಶಂಟ್ ಹಗಲೂ ರಾತ್ರಿ ಯಾರ ಕೈಯಾಗ ಇರ್ತಾನ ಅಂದ್ರ ಹೆಂಡತಿ ಕೈಯಾಗ, ಆಕಿಗೆ ಬಂದಿಲ್ಲಂದ್ರ ನಾವ್ ವಾರ್ಡಿನ್ಯಾಗ ಮಾಡಿದ್ದು ಅರ್ಧ ನೀರಾಗ ಹೋಗ್ತೈತಿ.

ಮೊದ್ಲು ನಮ್ ಮನಿದ ಹೇಳ್ತೀನಿ. ನಮ್ ಅತ್ತಿ ಮಾವ ಇಳಕಲ್‌ನ್ಯಾಗ ನೇಕಾರ್ರು. ಮಾವ ಮಗ್ಗದ ಮ್ಯಾಲ, ಅತ್ತಿ ಕಂಡಕಿ ಸುತ್ತಾಕಿ. ಮಾವಗ ಬಾಯಿ ಕ್ಯಾನ್ಸರ್, ಆಪರೇಷನ್ ಆಗಿ ಮೂಗಿನ್ಯಾಗ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟಿಗೆ ಗಂಜಿ ಇಳಿಸೂ ನಳಿಗಿ) ಹಾಕಿ ಮನಿಗೆ ಕಳಿಸಿದ್ರು. ಡಿಸ್ಚಾರ್ಜ್ ದಿನ ಅತ್ತಿಗೆ ಗಡಿಬಿಡಿಲೆ ಎಲ್ಲಾ ಹೇಳಿ "ಗೊತ್ತಾತೇನು" ಅಂದಾರ, ಈಕಿ "ಹೂಂ ರೀ ಗೊತ್ತಾತ್ರಿ" ಅಂದಾಳ. ನಮ್ ಕಡೆ ಹೆಣ್ಮಕ್ಕಳು ಡಾಕ್ಟರ್ ಮುಂದ ಮತ್ತೇನ್ ಅಂತಾರ ಹೇಳ್ರಿ? ನಾ ಮರುದಿನ ಹೋಗಿ ನೋಡಿದ್ರ ಮಾವನ್ನ ಅಂಗಾತ ಮಲಗಿಸಿ ಸಿರಿಂಜಿನ ದಟ್ಟಿ ಒತ್ತಿ ಒತ್ತಿ ಗಂಜಿ ಹಾಕಾಕತ್ತಾಳ, ಅವ್ರು ಕೆಮ್ಮಾಕತ್ತಾರ. ನನ್ ಎದಿ ಧಸಕ್ ಅಂತು. ಅನ್ನ ಶ್ವಾಸಕೋಶಕ್ಕ ಇಳದ್ರ ಆಸ್ಪಿರೇಷನ್ ನ್ಯುಮೋನಿಯಾ, ಅದರಿಂದ ಜೀವಾನೂ ಹೋಗ್ತದ.

ಆವಾಗಿಂದ ನಾ ಕಲ್ತಿದ್ದು ಏನಂದ್ರ, ಗೊತ್ತಾತೇನು ಅಂತ ಕೇಳಬಾರ್ದು, "ಈಗ ನೀವ್ ಮಾಡ್ರಿ, ನಾ ನಿಂತ್ ನೋಡ್ತೀನಿ" ಅನ್ಬೇಕು. ಪುಸ್ತಕದಾಗ ಟೀಚ್ ಬ್ಯಾಕ್ ಅಂತಾರಲ್ಲ ಅದ. ಅವತ್ತ ಅತ್ತಿ ಕಡೆ ಮೂರ್ ಸಲ ಮಾಡಿಸಿದೆ: ಟ್ಯೂಬ್ ಮ್ಯಾಲಿನ ಗುರುತು ಮೂಗಿನ ಹತ್ರಾನ ಐತೋ ಸರದೈತೋ ನೋಡೂದು, ತಲಿ ಕಡೆ 30 ರಿಂದ 45 ಡಿಗ್ರಿ ಎತ್ತರ ಮಾಡೂದು, ಸೋಸಿದ ಅಂಬಲಿ ದಟ್ಟಿ ತಗದ ಸಿರಿಂಜಿಗೆ ಹಾಕಿ ತನ್ನಷ್ಟಕ ಇಳಿಯಾಕ ಬಿಡೂದು, ಕೆಮ್ಮ ಬಂದ್ರ ಅಲ್ಲೇ ನಿಲ್ಲಿಸೂದು, ಕೊನೀಗೆ ನೀರ್ ಹಾಕಿ ಟ್ಯೂಬ್ ತೊಳಿಯೂದು, ಆಮ್ಯಾಲ ಕಮ್ಮೀತ ಕಮ್ಮಿ ಅರ್ಧಾ ತಾಸು ಮಲಗಿಸಬಾರ್ದು. ಮೂರನೇ ಸಲ ಅತ್ತಿನ ನನಗ ಹೇಳಿದ್ಳು, "ಸಾವಕಾಶ ಇಳೀಲಿ ಬಿಡು, ಇದೇನ್ ಲಾಳಿ ಅಲ್ಲ." ಆಕಿಗೆ ಬಂತು ಅಂತ ನನಗ ಖಾತ್ರಿ ಆಗಿದ್ದು ಆವಾಗ.

ಜ್ವರದ್ದು. ಇದೊಂದು ಮಾತ್ರ ಯಾವ ಮನಿಯವರಿಗೂ ಬಿಡದ ಹೇಳ್ರಿ. ಕೀಮೋ ಆದ್ಮ್ಯಾಲ ಸಾಮಾನ್ಯವಾಗಿ 7 ರಿಂದ 14 ದಿನದ ನಡುವ ಬಿಳಿ ರಕ್ತಕಣ ಭಾಳ ಕೆಳಗ ಇಳೀತಾವು, ಆ ದಿನದಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರ ಅದು ಎಮರ್ಜೆನ್ಸಿ, ರಾತ್ರಿ ಎರಡ ಗಂಟೆ ಆಗಿದ್ರೂ ಹೊರಡಬೇಕು. ನಮ್ ಕಡೆ ಏನ್ ಮಾಡ್ತಾರ, ಒಂದ್ ಪ್ಯಾರಾಸಿಟಮಾಲ್ ಕೊಟ್ಟು ಮುಂಜಾನೆ ನೋಡೂಣು ಅಂತಾರ, ಗುಳಗಿಲೆ ಜ್ವರ ಇಳದಂಗ ಕಾಣ್ತೈತಿ, ಒಳಗ ಸೋಂಕು ರಕ್ತಕ್ಕ ಏರ್ತಿರ್ತೈತಿ. ಹಂಗಾಗಿ ಗುಳಗಿಗಿಂತ ಮೊದ್ಲು ಫೋನ್ ಮಾಡ್ರಿ ಅನ್ರಿ. ಥರ್ಮಾಮೀಟರ್ ಮನಿಯಾಗ ಐತೇನು ಅಂತ ಕೇಳ್ರಿ, ಎಷ್ಟೋ ಮನಿಯಾಗ ಇರೂದಿಲ್ಲ. ಅಂಕಿ ಓದಾಕ ಬರ್ತೈತೇನು ಅದನ್ನೂ ನೋಡ್ರಿ.

ಇದೇ ದಿನದಾಗ ಮಾತಾಡ್ಸಾಕ ಬರೋ ಬೀಗರು ನೆಂಟ್ರು. ಇಪ್ಪತ್ತ ಮಂದಿ ಬರ್ತಾರ, ಒಬ್ಬರಿಗೆ ನೆಗಡಿ ಇರ್ತೈತಿ, ಎಲ್ಲಾರಿಗೂ ಚಾ ಮಾಡಾಕಿ ಮತ್ತ ಆ ಹೆಂಡತಿನ. ಬರಬ್ಯಾಡ್ರಿ ಅಂತ ಆಕಿ ಹೆಂಗ್ ಅನ್ನಾಕ ಬರ್ತೈತಿ, ನಾಳೆ ಊರಾಗ ಮಾತು ಬರ್ತಾವು. ಅದಕ್ಕ ನಾ ಹೇಳೂದು, "ನರ್ಸ್ ಬಿಡವಲ್ರು ಅಂತ ನಮ್ ಮ್ಯಾಲ ಹಾಕ್ರಿ." ಈ ಒಂದ್ ಮಾತಿಗೆ ಎಷ್ಟ ಮಂದಿ ಹೆಣ್ಮಕ್ಕಳ ಮುಖ ಹಗುರ ಆಗಿದ್ದು ನಾ ನೋಡೀನಿ.

ಕ್ಯಾನ್ಸರ್ ಅಂಟೂ ರೋಗ ಅಲ್ಲ. ತಾಟು, ಹಾಸಿಗಿ ಬ್ಯಾರೆ ಮಾಡೂದು ಬ್ಯಾಡ, ಗಂಡ ಹೆಂಡತಿ ಬಾಜೂಕ ಮಲಗಬಹುದು, ಅಪ್ಪಿಕೋಬಹುದು. ಕೀಮೋ ಔಷಧ ಮಾತ್ರ ಸುಮಾರು 48 ತಾಸು ಮೈಯಿಂದ ಹೊರಗ ಬರ್ತಿರ್ತೈತಿ, ಹಂಗಾಗಿ ಆ ಎರಡ ದಿನ ವಾಂತಿ, ಮೂತ್ರ, ಸಂಡಾಸ ಬಳಿಯೂವಾಗ ಗ್ಲೌಸ್ ಬೇಕು, ಕೂಡೂದಿದ್ರ ಕಾಂಡೋಮ್ ಬೇಕು. ಇದನ್ನ ಹೇಳಾಕ ನಮಗ ನಾಚಿಕಿ, ಕೇಳಾಕ ಅವರಿಗೂ ನಾಚಿಕಿ, ಅದಕ್ಕ ಇಬ್ರನ್ನೂ ಒಂದ್ ಕಡೆ ಕುಂಡ್ರಿಸಿ ಮೆಲ್ಲಕ ನಾವ ಶುರು ಮಾಡ್ಬೇಕು.

ಬಾಯಿ ಹುಣ್ಣಿಗೆ: ಒಂದ್ ಕಪ್ ಉಗುರುಬೆಚ್ಚನ ನೀರಿಗೆ ಕಾಲ್ ಚಮಚ ಅಡಿಗಿ ಸೋಡಾ, ಅದರ ಅರ್ಧ ಉಪ್ಪು, ಬಾಯಿ ಮುಕ್ಕಳಿಸಿ ಉಗುಳೂದು. ಖಟಕ್ ರೊಟ್ಟಿ, ಕೆಂಪ ಚಟ್ನಿ ಸದ್ಯ ಬ್ಯಾಡ, ಮೊಸರನ್ನ, ನುಚ್ಚು ತಣ್ಣಗ ಮಾಡಿ ಕೊಡಬಹುದು.

ಮಾರ್ಫಿನ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. ವಿಶ್ವ ಆರೋಗ್ಯ ಸಂಸ್ಥೆ 1986 ರಾಗ ಕ್ಯಾನ್ಸರ್ ನೋವಿನ ಔಷಧಕ್ಕ, ಸೌಮ್ಯದ್ದರಿಂದ ಜೋರಿಂದರ ತನಕ, ಮೂರು ಮೆಟ್ಟಿಲು ಅಂತ ಮಾಡ್ತು, ಮ್ಯಾಲಿನ ಮೆಟ್ಟಿಲದಾಗ ಮಾರ್ಫಿನ್. ಸಾದಾ ಮಾರ್ಫಿನ್ ಗುಳಗಿ 4 ತಾಸಿಗೊಮ್ಮೆ, ನೋವು ಬರೂತನ ಕಾಯೂದಲ್ಲ, ಗಡಿಯಾರ ನೋಡಿ ಕೊಡೂದು. ಹೆಂಡತ್ಯಾರು "ಚಟ ಹತ್ತತೈತಿ" ಅಂತ ಹೆದರಿ ಗುಳಗಿ ಮುಚ್ಚಿಡ್ತಾರ, ಗಂಡ ಗ್ವಾಡಿ ಕಡೆ ತಿರುಗಿ ನರಳ್ತಿರ್ತಾನ. ಡಾಕ್ಟರ್ ಹೇಳಿದಂಗ ನೋವಿಗೆ ತಗೊಂಡ್ರ ಚಟದ ಭಯ ಭಾಳ ಕಮ್ಮಿ, ಖರೇ ತ್ರಾಸು ಮಲಬದ್ಧತೆದು, ಅದಕ್ಕ ಜುಲಾಬಿನ ಔಷಧ ಮೊದಲನೇ ದಿನದಿಂದನ ಜೋಡಿ ಇರ್ಬೇಕು.

ಗಂಡ ಹೆಂಡತಿನ್ನ ನೋಡ್ಕೊಳ್ಳೋ ಮನಿಯಾಗ ಬ್ಯಾರೆನ ತೊಡಕು, ಅವರಿಗೆ ಒಲಿ ಹಚ್ಚಾಕೂ ಬಂದಿರೂದಿಲ್ಲ. ಬೈಬ್ಯಾಡ್ರಿ, ಗಂಜಿ ಹೆಂಗ್ ಮಾಡೂದು ಅಂತ ಚೀಟಿ ಬರದು ಕೊಡ್ರಿ.

ಇನ್ನ ನೋಡ್ಕೊಳ್ಳೋರದ್ದು. ನೋಡ್ಕೊಳ್ಳೋರ ಮ್ಯಾಲ ಎಷ್ಟ ಭಾರ ಬಿದ್ದೈತಿ ಅಂತ ಅಳಿಯಾಕ ಜರಿಟ್ ಬರ್ಡನ್ ಇಂಟರ್ವ್ಯೂ ಅಂತ ಐತಿ, 22 ಪ್ರಶ್ನೆ, ಒಂದೊಂದಕ್ಕ 0 ರಿಂದ 4, ಒಟ್ಟು 88, ಅಂಕಿ ಹೆಚ್ಚಾದಷ್ಟು ಭಾರ ಹೆಚ್ಚು. ಮನಸ್ಸಿಗೆ ತಡೀಲಾರದಂಗ ಆದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಾಗ ಮಾತಾಡಬಹುದು, ದುಡ್ಡಿಲ್ಲ. ನಾ ಅತ್ತಿಗೆ 22 ಪ್ರಶ್ನೆ ಕೇಳ್ಲಿಲ್ಲ, ನೀ ಉಂಡೇನು, ನಿನ್ ಬಿಪಿ ಗುಳಗಿ ತಗೊಂಡೇನು ಅಂತ ಎರಡ ಕೇಳಿದೆ. ಗುಳಗಿ ಮುಗದು ಎರಡ ತಿಂಗಳಾಗಿತ್ತಂತ, ತರಾಕ ಹೋಗಾಕ ಆಗಿಲ್ಲ, ಮಗ್ಗ ಬ್ಯಾರೆ ನಿಂತೈತಿ ಅಂದ್ಳು. ಮರುದಿನ ಮುಂಜಾನೆ ಮಾವನ ಹತ್ರ ತಮ್ಮನ್ನ ಕುಂಡ್ರಿಸಿ ಅತ್ತಿನ್ನ ಸರ್ಕಾರಿ ದವಾಖಾನಿಗೆ ಕರ್ಕೊಂಡು ಹೋದೆ. ಈಗ ಆಕಿ ಗುಳಗಿನೂ ಮಾವನ ಡಬ್ಬಿಯಾಗ ಇಟ್ಟೀವಿ, ಅವರಿಗೆ ಮುಂಜಾನಿ ಔಷಧ ಹಾಕೂ ಹೊತ್ತಿಗೆ ಆಕಿನೂ ತಗೋತಾಳ, ಮರ್ತ್ರ ಮಾವನ ಕೈ ಮಾಡಿ ಡಬ್ಬಿ ತೋರಿಸ್ತಾರ.